ಎರಡು ಕೊಟ್ಟು ಎರಡು ತಗೊಂಡು

ನಮ್ಮ ಫ್ರಿಜ್ಜಿನಲ್ಲಿ ತರಕಾರಿಗೆ ಅಂತ ಕೆಳಗೊಂದು ಡ್ರಾಯರ್ ಇದೆ. ಚೀನೀಯರ ಹೊಸ ವರ್ಷದ ಹದಿನೈದು ದಿನ ಅದು ನಮ್ಮದಲ್ಲ. ಟೆಕ್ಕಾ ಮಾರ್ಕೆಟ್ಟಿನಿಂದ ದಂಟಿನ ಸೊಪ್ಪು ತಂದು, ಬಿಡಿಸಿ, ಪೇಪರಿನಲ್ಲಿ ಸುತ್ತಿ ಇಡೋಣ ಎಂದು ಎಳೆದರೆ ಒಳಗೆ ಬರೀ ಕಿತ್ತಳೆ. ಇಡೀ ಸಿಂಗಪುರ ಕೆಂಪು ದೀಪ ಹಾಕಿಕೊಂಡು ಸಂಭ್ರಮದಲ್ಲಿರುವಾಗ ನಾನು ಸೊಪ್ಪಿನ ಕಟ್ಟು ಹಿಡಿದು ಅಡುಗೆಮನೆಯಲ್ಲಿ ಗೊಣಗುತ್ತಾ ನಿಂತಿರುತ್ತೇನೆ.

ತಿಂದು ಖಾಲಿ ಮಾಡಬಾರದೇ ಅಂತೀರಿ. ತಿನ್ನೋದಕ್ಕೆ ಬಿಟ್ಟರೆ ತಾನೆ? ಇವು ಊರೂರು ತಿರುಗುವ ಹಣ್ಣು. ಯಾರ ಮನೆಗೆ ಹೋದರೂ ಎರಡು ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು ಕೊಡಬೇಕು. ಹೊರಡುವಾಗ ಆ ಮನೆಯವರು ಬೇರೆ ಎರಡು ಹಣ್ಣು ನಮ್ಮ ಕೈಗಿಡುತ್ತಾರೆ. ಅದನ್ನು ತಗೊಂಡು ಮುಂದಿನ ಮನೆ. ಅಲ್ಲೂ ಎರಡು ಕೊಟ್ಟು, ಎರಡು ತಗೊಂಡು, ಅದರ ಮುಂದಿನ ಮನೆ. ಲೆಕ್ಕ ಹಾಕಿದರೆ ಒಂದೇ ಒಂದು ಜೊತೆ ಹಣ್ಣು ಕೊಂಡವನು ದ್ವೀಪವೆಲ್ಲ ಸುತ್ತಿ, ಎಲ್ಲರ ಮನೆಯಲ್ಲೂ ಅನಾನಸಿನ ಟಾರ್ಟ್ ತಿಂದು, ರಾತ್ರಿ ಎರಡು ಹಣ್ಣಿನ ಜೊತೆಗೇ ಮನೆ ಸೇರಬಹುದು. ಆದರೂ ಎಲ್ಲರೂ ಪೆಟ್ಟಿಗೆಗಟ್ಟಲೆ ಕೊಳ್ಳುತ್ತಾರೆ. ಫುಜಿಯಾನ್ ಪ್ರಾಂತ್ಯದ ಯೋಂಗ್‌ಚುನ್‌ನಿಂದ ಬಂದದ್ದಾದರೆ ಒಳ್ಳೆಯದಂತೆ. ಇದಕ್ಕೆಲ್ಲ ಒಂದು ದೊಡ್ಡ ಅರ್ಥ ಇದೆ. ಆಮೇಲೆ ಹೇಳುತ್ತೇನೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಆಂಟಿ ಇದ್ದಾರೆ. ಇಲ್ಲಿ ಅರವತ್ತು ದಾಟಿದವರೆಲ್ಲ ಆಂಟಿ, ಅಂಕಲ್‌ಗಳೇ. ಟ್ಯಾಕ್ಸಿ ಓಡಿಸುವವರೂ ಅಂಕಲ್, ಕಾಫಿ ಮಾಡಿಕೊಡುವವರೂ ಆಂಟಿ. ಸರ್ಕಾರಿ ಫ್ಲ್ಯಾಟುಗಳ ಒಂದೊಂದು ಬ್ಲಾಕಿನಲ್ಲೂ ಚೀನೀಯರು ಇಷ್ಟು, ಮಲಯರು ಇಷ್ಟು, ಭಾರತೀಯರು ಇಷ್ಟು ಎಂದು 1989ರಲ್ಲಿ ಮಿತಿ ಹಾಕಿದ್ದಾರೆ. ಒಂದೇ ಜನ ಒಂದೇ ಕಡೆ ಗುಂಪಾಗಬಾರದು ಅಂತ. ಒಳ್ಳೆಯ ನಿಯಮವೇ. ಆದರೆ ಅದನ್ನು ಮಾಡಿದವರು ಕಿತ್ತಳೆಯ ಬಗ್ಗೆ ಯೋಚಿಸಿದ ಹಾಗೆ ಕಾಣುವುದಿಲ್ಲ.

ಆಂಟಿ ಹಣ್ಣು ಆರಿಸುವುದನ್ನು ನೋಡಬೇಕು. ತೊಟ್ಟಿನ ಪಕ್ಕದಲ್ಲಿ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತುತ್ತಾರೆ. ಸಿಪ್ಪೆ ಒಳಗೆ ಹೋಗಿ ಹಾಗೇ ನಿಂತರೆ ಅದು ಒಂದು ರಾಶಿಗೆ. ಪುಟಿದು ವಾಪಸ್ ಬಂದರೆ, ಮೇಲೆ ಎರಡು ಎಲೆಯೂ ಇದ್ದರೆ, ಇನ್ನೊಂದು ರಾಶಿಗೆ. ಎಲೆ ಇರುವ ರಾಶಿ ಅವರ ದೊಡ್ಡಣ್ಣನ ಮನೆಗೆ, ನಾದಿನಿ ಮನೆಗೆ. ಇನ್ನೊಂದು ರಾಶಿ ಟೀವಿಯ ಕೆಳಗೆ ಇರುತ್ತದೆ. ನಮಗೆ ಬರುವುದು ಟೀವಿಯ ಕೆಳಗಿನದು. ನಾನು ಎಲೆ ಇರುವುದನ್ನೇ ಹುಡುಕಿ, ಜಾಸ್ತಿ ದುಡ್ಡು ಕೊಟ್ಟು ತಂದು ಕೊಡುತ್ತೇನೆ. ಬದಲಿಗೆ ಬರುವ ಹಣ್ಣಿನೊಳಗೆ ತೊಳೆಗಳು ಒಣಗಿ ಹತ್ತಿಯಂತಾಗಿರುತ್ತವೆ. ಹಬ್ಬದ ದಿನ ಯಾಕೆ ಸುಮ್ನೆ ಮಾತು ಎಂದು ನಕ್ಕು ಈಸಿಕೊಳ್ಳುತ್ತೇನೆ. ಆದರೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ.

ಈ ವ್ಯವಹಾರ ನನಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ತಿಪಟೂರಿನಿಂದ ಬಂದ ನಮ್ಮತ್ತೆಗೆ ಒಂದು ಮಧ್ಯಾಹ್ನ ಸಾಕಾಯಿತು. ಯಾಕೆ ಅಂದರೆ ಅವರದು ರವಿಕೆ ಕಣದ ಅನುಭವ.

ಅತ್ತೆಯ ಬೀರುವಿನ ಕೆಳಗಿನ ಅರೆಯ ತುಂಬ ಬ್ಲೌಸ್ ಪೀಸುಗಳು. ಅರಿಶಿನ ಕುಂಕುಮಕ್ಕೆ ಬಂದವು, ಗೌರಿ ಬಾಗಿನದಲ್ಲಿ ಬಂದವು, ಮದುವೆಯ ತಾಂಬೂಲದಲ್ಲಿ ಬಂದವು. ಅದರಲ್ಲಿ ಒಂದು ಗಿಳಿಹಸಿರು ಟೂ ಬೈ ಟೂ ಇತ್ತು. ಮೇಷ್ಟ್ರ ಹೆಂಡತಿ ವರಮಹಾಲಕ್ಷ್ಮಿ ಹಬ್ಬದಲ್ಲಿ ಕೊಟ್ಟದ್ದು. ಅತ್ತೆ ಆಸೆಪಟ್ಟು ಟೈಲರ್ ಹತ್ತಿರ ತಗೊಂಡು ಹೋದರೆ ಅವನು ಅಳೆದು ನೋಡಿ, "ಒಂದು ತೋಳು ನಾನು ಹೊಲೀತೀನಿ, ಇನ್ನೊಂದನ್ನ ದೇವರು ಹೊಲೀಬೇಕು" ಅಂದನಂತೆ. ಸರಿ, ವಾಪಸ್ ಬೀರುವಿಗೆ. ಆ ಗೌರಿ ಹಬ್ಬಕ್ಕೆ ಅದು ಪೋಸ್ಟ್ ಮಾಸ್ಟರ್ ಹೆಂಡತಿಯ ಬಾಗಿನಕ್ಕೆ ಹೋಯಿತು. ಪೋಸ್ಟ್ ಮಾಸ್ಟರಿಗೆ ಅರಸೀಕೆರೆಗೆ ವರ್ಗವಾಯಿತು. ಕಣವೂ ಜೊತೆಗೆ ಹೋಯಿತು. ಪೀಡೆ ತೊಲಗಿತು ಎಂದುಕೊಂಡರೆ, ಅರಸೀಕೆರೆಯ ಒಂದು ಮದುವೆಯಲ್ಲಿ ಅತ್ತೆಗೆ ಸಿಕ್ಕ ತಾಂಬೂಲದ ಚೀಲದೊಳಗೆ, ತೆಂಗಿನಕಾಯಿಯ ಕೆಳಗೆ, ಅದೇ ಗಿಳಿಹಸಿರು! ಮೂಲೆಯಲ್ಲಿದ್ದ ಅರಿಶಿನದ ಕಲೆಯಿಂದ ಗುರುತು ಸಿಕ್ಕಿತಂತೆ. ಅತ್ತೆಗೆ ಸಿಟ್ಟು ಬರಲಿಲ್ಲ. ಗಂಡನ ಮನೆಯಿಂದ ತವರಿಗೆ ಬಂದ ಮಗಳನ್ನು ನೋಡಿದ ಹಾಗಾಯಿತು ಎನ್ನುತ್ತಾರೆ. ಅದೇ ಚೀಲದಲ್ಲಿದ್ದ ತೆಂಗಿನಕಾಯಿಗೆ ಮಾತ್ರ ಮೂಗು ಮುರಿದರು. ತಿಪಟೂರಿನವರಿಗೆ ತೆಂಗಿನಕಾಯಿ ಕೊಟ್ಟು ಮೆಚ್ಚಿಸಿದವರು ಯಾರೂ ಇಲ್ಲ.

ಅಂದಿನಿಂದ ಅತ್ತೆ ಲೆಕ್ಕ ಇಡಲು ಶುರು ಮಾಡಿದರು. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಯಾರಿಂದ ಯಾವ ಬಣ್ಣ ಬಂತು, ಯಾರಿಗೆ ಯಾವ ಬಣ್ಣ ಹೋಯಿತು, ಎಲ್ಲವೂ ಇತ್ತು. ಕೊಟ್ಟವರಿಗೇ ವಾಪಸ್ ಹೋಗಬಾರದು ನೋಡಿ, ಅದೊಂದೇ ಕಾನೂನು. ಆದರೆ ಒಂದು ವರ್ಷ ಸುಣ್ಣ ಹೊಡೆಸುವಾಗ ಆ ಪುಸ್ತಕ ಹಳೇ ಪೇಪರಿನ ಜೊತೆ ಗುಜರಿಗೆ ಹೋಯಿತು. ಆ ಸಲದ ಹಬ್ಬದಲ್ಲಿ ಗಿಳಿಹಸಿರು ಕಣ ನೇರವಾಗಿ ಹೋಗಿ ಕೂತದ್ದು ಮೇಷ್ಟ್ರ ಹೆಂಡತಿಯ ಮಡಿಲಿನಲ್ಲಿ! ಆಕೆ ಅದನ್ನು ತಿರುಗಿಸಿ ನೋಡಿದರು. ಅರಿಶಿನದ ಕಲೆಯ ಮೇಲೆ ಬೆರಳಾಡಿಸಿದರು. "ಬಣ್ಣ ಚೆನ್ನಾಗಿದೆ ಕಣ್ರೀ, ಎಲ್ಲಿ ತಗೊಂಡ್ರಿ?" ಅಂದರು. "ಬೆಂಗಳೂರಲ್ಲಿ ರೀ, ಚಿಕ್ಕಪೇಟೆ" ಅಂದರು ಅತ್ತೆ. ಇಬ್ಬರೂ ಕಣ್ಣು ಮಿಟುಕಿಸಲಿಲ್ಲ. ಕೋಸಂಬರಿ ಬಡಿಸಿಕೊಂಡು ಮಳೆಯ ವಿಷಯ ಮಾತಾಡಿದರು.

ಇಂಥ ಹೆಂಗಸಿಗೆ ಕಿತ್ತಳೆ ಯಾವ ಲೆಕ್ಕ? ಬಂದವರೇ ಡ್ರಾಯರ್ ಎಳೆದು, ಒಂದೊಂದೇ ಹಣ್ಣು ಮೂಸಿದರು. "ಕೊಡಗಿನ ಕಿತ್ತಳೆ ಮುಂದೆ ಇದೇನೂ ಅಲ್ಲ" ಎಂದು ಮೊದಲು ತೀರ್ಪು ಕೊಟ್ಟರು. ಆಮೇಲೆ ಎಡಗಡೆ ಮನೆಯಿಂದ ಬಂದದ್ದು ಬಲಗಡೆಗೆ, ಬಲಗಡೆಯದು ಮೇಲಿನ ಮಹಡಿಗೆ ಎಂದು ಚೀಲ ಕಟ್ಟಿಟ್ಟರು. ನಮ್ಮ ಯಜಮಾನರು ಸುಮ್ನೆ ಒಂದನ್ನು ತೆಗೆದು ಸಿಪ್ಪೆಗೆ ಉಗುರು ಹಾಕಿದರೆ, "ಏಯ್, ಅದು ಕೊಡೋ ಹಣ್ಣು ಕಣೋ!" ಎಂದು ಗದರಿದರು. ಆಂಟಿ ಬಂದಾಗ ಇಬ್ಬರೂ ಹಣ್ಣು ಬದಲಾಯಿಸಿಕೊಂಡರು. ನಮ್ಮತ್ತೆಯ ಹೆಬ್ಬೆರಳೂ ತೊಟ್ಟಿನ ಪಕ್ಕಕ್ಕೆ ಹೋದದ್ದನ್ನು ನಾನು ನೋಡಿದೆ. ಆಂಟಿಯೂ ನೋಡಿದರು. ಮಾರನೇ ದಿನ ಬಂದ ಹಣ್ಣಿಗೆ ಎಲೆ ಇತ್ತು. ನಾನು ಇಷ್ಟು ವರ್ಷ ನಕ್ಕು ನಕ್ಕು ಸಾಧಿಸಲಾಗದ್ದು ಅದು.

2021ರಲ್ಲಿ ಮಾತ್ರ ಹಣ್ಣುಗಳು ತಿರುಗಲಿಲ್ಲ. ಕೊರೊನಾ ಅಂತ ಒಂದು ಮನೆಗೆ ದಿನಕ್ಕೆ ಎಂಟೇ ಜನ ಬರಬಹುದು ಎಂದು ಸರ್ಕಾರ ಹೇಳಿತ್ತು. ಎಂಟು ಒಳ್ಳೆಯ ಸಂಖ್ಯೆಯೇ, ನಾಲ್ಕು ನಮಗೆ ಅಶುಭ, ನಾಲ್ಕು ಅಂದಿದ್ದರೆ ಕಷ್ಟವಾಗುತ್ತಿತ್ತು ಅಂದರು ಆಂಟಿ. ಇವರ ಹಬ್ಬದಲ್ಲಿ ದೊಡ್ಡ ತಟ್ಟೆಯ ತುಂಬ ಹಸಿ ಮೀನು, ತುರಿದ ಮೂಲಂಗಿ, ಕ್ಯಾರೆಟ್ ಹಾಕಿ, ಎಲ್ಲರೂ ಎದ್ದು ನಿಂತು ಚಾಪ್‌ಸ್ಟಿಕ್ಕಿನಿಂದ ಮೇಲಕ್ಕೆ ಹಾರಿಸುತ್ತಾ ಕೂಗುವ ಒಂದು ಪದ್ಧತಿ ಇದೆ. ಆ ತಿನಿಸಿನ ಹೆಸರು ಯೂಶೆಂಗ್. ಈಗಿನ ರೂಪದಲ್ಲಿ ಇದನ್ನು 1964ರಲ್ಲಿ ಸಿಂಗಪುರದ ನಾಲ್ವರು ಬಾಣಸಿಗರು ಬಳಕೆಗೆ ತಂದರು ಎಂದು ಇಲ್ಲಿಯವರು ಹೇಳುತ್ತಾರೆ. ಮಲೇಷ್ಯಾದವರು ಒಪ್ಪುವುದಿಲ್ಲ. ಎಷ್ಟು ಎತ್ತರಕ್ಕೆ ಹಾರಿಸಿದರೆ ಅಷ್ಟು ಅದೃಷ್ಟ. ಟೇಬಲ್ ಒರೆಸುವವರಿಗೆ ಏನು ಅದೃಷ್ಟವೋ ಯಾರೂ ಹೇಳಿಲ್ಲ. ಆ ವರ್ಷ ಹೋಟೆಲುಗಳಲ್ಲಿ ಮಾಸ್ಕ್ ಹಾಕಿಕೊಂಡು, ಬಾಯಿ ಮುಚ್ಚಿಕೊಂಡು ಹಾರಿಸಿ ಎಂದು ಸರ್ಕಾರ ಹೇಳಿತು. ಮನೆಯಲ್ಲಿ ನಾವು ಪೆಟ್ಟಿಗೆ ಕಿತ್ತಳೆಯನ್ನು ಕೂತು ತಿಂದೆವು. ಚೆನ್ನಾಗಿದ್ದವು. ಅದೇ ಬೇಜಾರು.

ದೊಡ್ಡ ಅರ್ಥ ಹೇಳುತ್ತೇನೆ ಅಂದಿದ್ದೆ. ಅದಕ್ಕೂ ಮುಂಚೆ ಕೆಂಪು ಲಕೋಟೆಯದ್ದೊಂದು ಇದೆ, ಹೇಳಿಬಿಡುತ್ತೇನೆ. ಹಣ್ಣಿನಲ್ಲಾದರೂ ಎರಡಕ್ಕೆ ಎರಡು ಬರುತ್ತದೆ. ಲಕೋಟೆಯಲ್ಲಿ ಹಾಗಲ್ಲ. ಮದುವೆಯಾದವರು ಮಕ್ಕಳಿಗೆ ದುಡ್ಡು ಹಾಕಿ ಕೊಡಬೇಕು. ನಮಗಿರುವುದು ಒಬ್ಬಳು ಮಗಳು. ಆಂಟಿಯ ಮೊಮ್ಮಕ್ಕಳು ಒಂದು ಕಾರಿಗೆ ಹಿಡಿಸುವುದಿಲ್ಲ. ಸಾಲದ್ದಕ್ಕೆ ಮದುವೆಯಾಗದವರೆಲ್ಲ ಮಕ್ಕಳ ಲೆಕ್ಕದಲ್ಲೇ ಬರುತ್ತಾರೆ. ಆಂಟಿಯ ತಂಗಿಯ ಮಗನಿಗೆ ನಲವತ್ತು ಹತ್ತಿರ ಬಂತು. ಬ್ಯಾಂಕಿನಲ್ಲಿ ಕೆಲಸ, ಸ್ವಂತ ಕಾರು. ಪ್ರತಿ ವರ್ಷ ಮಕ್ಕಳ ಸಾಲಿನ ಕೊನೆಯಲ್ಲಿ ನಿಂತು ಎರಡೂ ಕೈ ಚಾಚಿ ನನ್ನಿಂದ ಹತ್ತು ಡಾಲರ್ ಈಸಿಕೊಳ್ಳುತ್ತಾನೆ. ನಾಚಿಕೆಯೂ ಇಲ್ಲ. ಆಂಟಿಯರೆಲ್ಲ ಸುತ್ತ ಕೂತು, ಯಾವಾಗ ಮದುವೆ, ಯಾವಾಗ ಮದುವೆ ಎಂದು ಅರೆಯುತ್ತಾರೆ. ಅವನು ನಗುತ್ತಾ ಲಕೋಟೆ ಜೇಬಿಗಿಳಿಸುತ್ತಾನೆ.

ಮಲೇಷ್ಯಾದ ಪೆನಾಂಗಿನಲ್ಲಿ ಹದಿನೈದನೇ ರಾತ್ರಿ, ಮದುವೆಯಾಗದ ಹುಡುಗಿಯರು ಒಳ್ಳೆಯ ಗಂಡ ಸಿಗಲಿ ಎಂದು ಸಮುದ್ರಕ್ಕೆ ಕಿತ್ತಳೆ ಎಸೆಯುತ್ತಾರೆ. ಈಚೆಗೆ ಹಣ್ಣಿನ ಮೇಲೆ ಫೋನ್ ನಂಬರ್ ಬರೆಯುವುದೂ ಉಂಟು. ಹುಡುಗರು ಬಲೆ ಹಿಡಿದು ಕಾಯುತ್ತಾರಂತೆ. ಇದನ್ನು ಆಂಟಿಗೆ ನೆನಪಿಸಿ, ನಿಮ್ಮ ತಂಗಿ ಮಗನನ್ನು ಈ ಸಲ ಅಲ್ಲಿಗೆ ಕಳಿಸಿ, ಬೇಕಾದರೆ ಬಸ್ ಚಾರ್ಜು, ಬಲೆ ಎರಡೂ ನಾನೇ ಕೊಡಿಸುತ್ತೇನೆ ಅಂದೆ. ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.