ಬಾಯಿ ಎಷ್ಟು ತೆರೆಯುತ್ತೆ?

"ರೋಬೋಟ್ ಆಪರೇಷನ್ ಮಾಡಿಸಿದ್ರಂತಲ್ಲ, ಎಷ್ಟಾಯ್ತು?" ದೊಡ್ಡಪ್ಪನ ವಿಷಯ ತಿಳಿದವರೆಲ್ಲ ಫೋನ್ ಮಾಡಿ ಕೇಳೋದು ಇದನ್ನೇ. ಅದಕ್ಕೂ ಮೊದಲು ಕೇಳಬೇಕಾದ್ದು ಬೇರೆ ಇದೆ. ರೋಗಿಯ ಬಾಯಿ ಎಷ್ಟು ತೆರೆಯುತ್ತೆ?

ದೊಡ್ಡಪ್ಪನಿಗೆ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್. ಏಳು ವಾರ, 35 ಸಲ ಕರೆಂಟು (ರೇಡಿಯೇಷನ್) ಕೊಟ್ಟರು, ಜೊತೆಗೆ ಕೀಮೋ. ಕತ್ತಿನ ಚರ್ಮ ಕಪ್ಪಾಗಿ ಸುಲಿದು, ಗಂಜಿಯೂ ಇಳಿಯದ ದಿನಗಳವು. ಕರೆಂಟಿಗೆ ದವಡೆ ಬಿಗಿದುಕೊಳ್ಳದಿರಲಿ ಅಂತ ಆಗಲೇ ಫಿಸಿಯೋ ಹುಡುಗಿ ಒಂದು ಕಟ್ಟು ಐಸ್‌ಕ್ರೀಂ ಕಡ್ಡಿ ಕೊಟ್ಟು, ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಳ್ಳೋಕೆ ಹೇಳಿದಳು. ಸ್ವಲ್ಪ ಸಡಿಲ ಆದ ಮೇಲೆ ಇನ್ನೊಂದು ಕಡ್ಡಿ. ಅವರ ಕಣ್ಣಲ್ಲಿ ನೀರು ಬಂದರೂ ದೊಡ್ಡಮ್ಮ ಬಿಡಲಿಲ್ಲ.

ಒಂದೂವರೆ ವರ್ಷಕ್ಕೆ ಕಿವಿನೋವು ಶುರುವಾಯ್ತು. ಡ್ರಾಪ್ಸ್ ಹಾಕಿದೆವು. ಅಡಿಕೆ ಕೊಯ್ಲು ಮುಗೀಲಿ ಅಂತ ಚೆಕಪ್ಪನ್ನೂ ಮುಂದೂಡಿದೆವು. ತಪ್ಪು ನಮ್ಮದೇ. ಗಂಟಲಿನ ನರಗಳೇ ಕಿವಿಗೂ ಹೋಗುವುದರಿಂದ ಅಲ್ಲಿನ ಗಡ್ಡೆ ಇಲ್ಲಿ ನೋಯುತ್ತದೆ. ಗಡ್ಡೆ ಮತ್ತೆ ಬಂದಿತ್ತು. ಈ ಕಾಯಿಲೆ ಮರುಕಳಿಸೋದು ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲೇ.

ಒಮ್ಮೆ ಕರೆಂಟು ತಗೊಂಡ ಜಾಗಕ್ಕೆ ಮತ್ತೆ ಅಷ್ಟೇ ಕೊಡೋದು ಕಷ್ಟ. ಹಳೆಯ ಆಪರೇಷನ್ ಅಂದರೆ ಎಷ್ಟೋ ಸಲ ತುಟಿ ಸೀಳಿ, ದವಡೆ ಮೂಳೆ ಕೊಯ್ದು ಒಳಗೆ ಹೋಗಬೇಕು. ಕರೆಂಟು ತಗೊಂಡ ಮೂಳೆ, ಮಾಂಸ ಬೇಗ ಕೂಡಿಕೊಳ್ಳಲ್ಲ. ಬಾಯಿಯ ಮೂಲಕವೇ ರೋಬೋಟಿನ ತೋಳು ಇಳಿಸುವ ವಿಧಾನವನ್ನು ರೂಪಿಸಿದವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡಾಕ್ಟರುಗಳಾದ ವೈನ್‌ಸ್ಟೀನ್ ಮತ್ತು ಓ'ಮ್ಯಾಲಿ. ಔಷಧಿ, ವೈದ್ಯಕೀಯ ಯಂತ್ರಗಳಿಗೆ ಅನುಮತಿ ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಡಿಎ ಗಂಟಲಿನ ಸಣ್ಣ ಗಡ್ಡೆಗಳಿಗೆ 2009ರಲ್ಲಿ ಒಪ್ಪಿಗೆ ಕೊಟ್ಟಿತು. ಯಂತ್ರ ತಾನಾಗಿ ಏನೂ ಕೊಯ್ಯಲ್ಲ. ಡಾಕ್ಟರು ಪಕ್ಕದಲ್ಲಿ ಕೂತು, ದೊಡ್ಡದಾಗಿ ಕಾಣುವ ಚಿತ್ರ ನೋಡುತ್ತಾ ಕೈಯಾಡಿಸಿದ ಹಾಗೆ ಅದರ ಸಣ್ಣ ಮಣಿಕಟ್ಟು ತಿರುಗುತ್ತೆ. ಗಡ್ಡೆ ದೊಡ್ಡದಿದ್ದರೆ, ದವಡೆಗೋ ಕತ್ತಿನ ದೊಡ್ಡ ರಕ್ತನಾಳಕ್ಕೋ ಅಂಟಿದ್ದರೆ ಇದು ಆಗಲ್ಲ. ಬಾಯಿ ತೆರೆಯದಿದ್ದರೂ ಆಗಲ್ಲ. ನಮ್ಮಲ್ಲಿ ಗುಟ್ಕಾ, ಅಡಿಕೆಯಿಂದ ಬಾಯಿ ಬಿಗಿದುಕೊಂಡವರು ಎಷ್ಟು ಜನ! ಅದರ ಮೇಲೆ ಕರೆಂಟು ಬೇರೆ.

ಡಾಕ್ಟರು ಮೊದಲು ದೊಡ್ಡಪ್ಪನ ಬಾಯೊಳಗೆ ಮೂರು ಬೆರಳು ಹಿಡಿಯುತ್ತವೆಯಾ ನೋಡಿದರು. ಹಿಡಿದವು. ರೋಬೋಟಿನ ಫೋಟೋ ಹಾಕಿ ಜಾಹೀರಾತು ಕೊಡುವ ಆಸ್ಪತ್ರೆಗಳು ಆ ಕಡ್ಡಿಗಳನ್ನೂ, ನುಂಗೋದು ಕಲಿಸುವ ಒಬ್ಬ ಥೆರಪಿಸ್ಟನ್ನೂ ಕರೆಂಟು ಶುರುವಾಗುವ ಮುಂಚೆಯೇ ಪ್ರತಿ ರೋಗಿಗೂ ಕೊಡಬೇಕು. ಇದು ನನ್ನ ಬೇಡಿಕೆ.

ಆಪರೇಷನ್ ದಿನ ರಕ್ತ ಒಸರುವ ಭಯಕ್ಕೆ ಕತ್ತಿನ ಒಂದು ರಕ್ತನಾಳವನ್ನು ಮೊದಲೇ ಕಟ್ಟಿದ್ದರು. ಹನ್ನೊಂದು ದಿನ ಮೂಗಿನ ನಳಿಕೆಯಲ್ಲೇ ಊಟ. ಹನ್ನೆರಡನೇ ದಿನ ದೊಡ್ಡಮ್ಮ ಚಮಚದಲ್ಲಿ ಮಂದವಾದ ರಾಗಿ ಗಂಜಿ ಕೊಟ್ಟರು. ಎರಡು ಸಲ ಕೆಮ್ಮಿದರು. ಮೂರನೆಯದು ಇಳಿಯಿತು.