ಆಲಿಸ್ ಗೀ ಹೆಸರು ಯಾಕಿಲ್ಲ?

ಈಗಷ್ಟೇ 'ಬಿ ನ್ಯಾಚುರಲ್' ನೋಡಿ ಮುಗಿಸಿದೆ. ಸಿಟ್ಟು ಇನ್ನೂ ಇಳಿದಿಲ್ಲ.

ಸಿನಿಮಾ ಹುಟ್ಟಿದ ಕಾಲದ ನಿರ್ದೇಶಕಿ ಆಲಿಸ್ ಗೀ ಬ್ಲಾಷೆ ಬಗ್ಗೆ ಪಮೇಲಾ ಗ್ರೀನ್ 2018ರಲ್ಲಿ ಮಾಡಿದ ಸಾಕ್ಷ್ಯಚಿತ್ರ ಇದು. ಈ ಹೆಸರು ಕೇಳಿದ್ದೀರಾ ಅಂತ ಶುರುವಿನಲ್ಲೇ ಸಿನಿಮಾದವರನ್ನು ಕೇಳುತ್ತಾರೆ. ಅದರಲ್ಲೇ ಬದುಕು ಸವೆಸಿದವರೂ ಇಲ್ಲ ಅನ್ನುತ್ತಾರೆ. ಹೇಗೆ ಗೊತ್ತಿರಬೇಕು ಹೇಳಿ, ಯಾರಾದರೂ ಹೇಳಿಕೊಟ್ಟಿದ್ದರೆ ತಾನೇ?

ಪ್ಯಾರಿಸ್‌ನ ಗೋಮೋ ಎಂಬ ಸಿನಿಮಾ ಕಂಪನಿಯಲ್ಲಿ ಈಕೆ ಸೆಕ್ರೆಟರಿ. ನಾನೂ ಒಂದು ಕಥೆ ಚಿತ್ರ ಮಾಡಲಾ ಅಂತ ಯಜಮಾನರನ್ನು ಕೇಳಿದರು. ಆಫೀಸು ಕೆಲಸ ಕೆಡಬಾರದು, ಅಷ್ಟೇ ಷರತ್ತು. 1896ರ ಮಾತು ಇದು! ಮುಂದೆ ಅದೇ ಕಂಪನಿಯ ಚಿತ್ರ ತಯಾರಿಕೆಯನ್ನೇ ನಡೆಸಿದರು. 1910ರಲ್ಲಿ ಅಮೆರಿಕದಲ್ಲಿ ಸ್ವಂತ ಕಂಪನಿ ಸೋಲ್ಯಾಕ್ಸ್ ಕಟ್ಟಿದರು. ಒಟ್ಟು ಸುಮಾರು ಸಾವಿರ ಚಿತ್ರ ಮಾಡಿದ್ದಾರೆ ಅನ್ನುವುದು ಅಂದಾಜು.

ಇವರ 1906ರ ಒಂದು ಪುಟ್ಟ ಚಿತ್ರದಲ್ಲಿ ಬಸುರಿ ಹೆಂಗಸಿಗೆ ಬಯಕೆ ತಡೆಯುವುದಿಲ್ಲ. ಮಗುವಿನ ಕೈಯಿಂದ ಲಾಲಿಪಾಪ್ ಕಿತ್ತುಕೊಳ್ಳುತ್ತಾಳೆ. ಇನ್ನೊಬ್ಬನ ಗ್ಲಾಸಿನ ಮದ್ಯ, ಮತ್ತೊಬ್ಬನ ಪೈಪು, ಯಾವುದನ್ನೂ ಬಿಡುವುದಿಲ್ಲ. ಪಾಪ, ಗಂಡ ಮಗುವಿನ ಗಾಡಿ ತಳ್ಳಿಕೊಂಡು ಹಿಂದೆ ಹಿಂದೆ. ಪ್ರತಿ ಸಲ ಕ್ಯಾಮೆರಾ ಅವಳ ಹತ್ತಿರ ಬರುತ್ತದೆ. ಮುಖದ ತುಂಬಾ ಸುಖ! ಕ್ಲೋಸಪ್ ಅಂದರೆ ನಮಗೆ ಅಮೆರಿಕದ ನಿರ್ದೇಶಕ ಗ್ರಿಫಿತ್ ಹೆಸರು ಬಾಯಿಪಾಠ. ಅವರು ಮೊದಲ ಚಿತ್ರ ಮಾಡಿದ್ದು 1908ರಲ್ಲಿ.

ಆಗ ನಿರ್ದೇಶಕರ ಹೆಸರು ಹಾಕುವ ರೂಢಿಯೇ ಇರಲಿಲ್ಲ ಅಲ್ವಾ ಅಂತ ಯಾರಾದರೂ ಹೇಳಬಹುದು. ಸರಿ. ಹಾಗಾದರೆ ಅದೇ ಕಾಲದಲ್ಲಿ ಫ್ರಾನ್ಸ್‌ನಲ್ಲೇ ಚಿತ್ರ ಮಾಡಿದ ಲುಮಿಯೇರ್, ಮೇಲಿಯೇಸ್ ಹೆಸರು ಹೇಗೆ ಉಳಿಯಿತು? ಕ್ರಿಸ್ತನ ಬದುಕಿನ ಮೇಲೆ ಈಕೆ ಮಾಡಿದ ಅಷ್ಟು ದೊಡ್ಡ ಚಿತ್ರ ಇತಿಹಾಸಕಾರರ ಪುಸ್ತಕದಲ್ಲಿ ಸಹಾಯಕನ ಹೆಸರಿಗೆ ಹೇಗೆ ಹೋಯಿತು? ರೂಢಿ ಅಂತ ಸುಮ್ನೆ ತಳ್ಳಿಹಾಕಿದರೆ ನಾನು ಒಪ್ಪುವುದಿಲ್ಲ.

ಎದೆ ಹಿಂಡುವುದು ಇದು: ವಯಸ್ಸಾದ ಮೇಲೆ ತಮ್ಮ ಚಿತ್ರಗಳನ್ನು ತಾವೇ ಹುಡುಕಿದರು. ನೆನಪಿನಿಂದ ಪಟ್ಟಿ ಬರೆದರು. ಆತ್ಮಕಥೆಯನ್ನೂ ಬರೆದರು. ತೀರಿಕೊಂಡದ್ದು 1968ರಲ್ಲಿ, ಪುಸ್ತಕ ಬಂದದ್ದು 1976ರಲ್ಲಿ. ಅಚ್ಚಾದ ತಮ್ಮ ಪುಸ್ತಕವನ್ನು ನೋಡಲಿಲ್ಲ.

ಸಾಕ್ಷ್ಯಚಿತ್ರದ ಓಟ ಜಾಸ್ತಿ, ಗ್ರಾಫಿಕ್ಸೂ ಜಾಸ್ತಿ. ಅಜ್ಜಿಯಾದ ಆಲಿಸ್ ಮಾತಾಡುವ ಹಳೆಯ ಸಂದರ್ಶನ ಬಂದಾಗ ನನಗೆ ಬೇರೇನೂ ಬೇಡವಾಗಿತ್ತು. ಎಷ್ಟು ತಣ್ಣಗೆ ಮಾತಾಡುತ್ತಾರೆ! ಒಂದು ದೂರೂ ಇಲ್ಲ. ಆದರೂ ನೋಡಿ, ದಯವಿಟ್ಟು ನೋಡಿ.

ಸಿನಿಮಾ ಪಾಠ ಮಾಡುವ ಗೆಳೆಯರೇ, ಲುಮಿಯೇರ್ ತೋರಿಸುವ ದಿನವೇ ಆ ಬಸುರಿಯ ಚಿತ್ರವನ್ನೂ ಹಾಕಿ. ನಾಲ್ಕೈದು ನಿಮಿಷ ಸಾಕು. ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ ಪೂರ್ತಿ ಬರೆಯಿರಿ.