ಜೆ ಅಂದ್ರ ಏನು?

ಕಲಬುರಗಿಯ ಯಾವ ಮನೆಯ ಕಪಾಟು ತೆರೆದರೂ ಒಂದು ಪ್ಲಾಸ್ಟಿಕ್ ಫೈಲು ಸಿಗುತ್ತದೆ. ಅದರಲ್ಲಿ ‘ತ್ರೀ ಸೆವೆಂಟಿ ಒನ್ ಜೆ’ ಸರ್ಟಿಫಿಕೇಟ್. ಸಂವಿಧಾನದ 371 ಜೆ ವಿಧಿಯಂತೆ ನಮ್ಮ ಭಾಗದವರಿಗೆ ಸೀಟು, ನೌಕರಿಯಲ್ಲಿ ಮೀಸಲಾತಿ ಕೊಡಿಸುವ ಹಾಳೆ ಅದು. ಕಾಲೇಜು ಸೀಟಿಗೆಂದು ಮಗಳದ್ದನ್ನು ಮೊನ್ನೆ ಹುಡುಕಿದೆ. ಗ್ಯಾಸ್ ಬುಕ್ಕಿನ ಕೆಳಗಿತ್ತು. ಮೂಲೆಯಲ್ಲಿ ಚಹಾದ ಕಲೆ ಬೇರೆ.

ಝೆರಾಕ್ಸ್ ಅಂಗಡಿಯ ಹುಡುಗ ಪೂರ್ತಿ ನೋಡಲೂ ಇಲ್ಲ. “ಜೆ ಏನ್ರಿ ಕಾಕಾ? ಎಷ್ಟ್ ಕಾಪಿ?” ಅಂದ.

“ಅಪ್ಪಾ, ಜೆ ಅಂದ್ರ ಏನು? ಜಿಲ್ಲಾ?” ಎಂದಳು ಮಗಳು.

ಜಿಲ್ಲೆಯೂ ಅಲ್ಲ, ಜಾತಿಯೂ ಅಲ್ಲ. ಓಣಿಯ ಮನೆ ನಂಬರಿನ ಲೆಕ್ಕ ಅದು. ಎರಡು ಹಳೇ ಮನೆಗಳ ನಡುವೆ ಹೊಸದೊಂದು ಎದ್ದರೆ ಎಲ್ಲರ ನಂಬರ್ ಬದಲಿಸುತ್ತಾರಾ? ಪಕ್ಕದ ನಂಬರಿಗೇ ಒಂದು ಅಕ್ಷರ ಅಂಟಿಸುತ್ತಾರೆ. ಸಂವಿಧಾನ ಶುರುವಾದದ್ದು 395 ವಿಧಿಗಳಿಂದ. ಆಮೇಲೆ ಬಂದವರಿಗೆಲ್ಲ ಹೀಗೇ ಬಾಲ. 371ರ ಓಣಿಯಲ್ಲಿ ‘ಎ’ ನಾಗಾಲ್ಯಾಂಡಿನದು, ‘ಐ’ ಗೋವಾದ್ದು. 98ನೇ ತಿದ್ದುಪಡಿಯಲ್ಲಿ, 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಮೇಲೆ, ನಮಗೆ ಸಿಕ್ಕಿದ್ದು ‘ಜೆ’. ಓಣಿಯ ಕೊನೇ ಮನೆ.

ತಡವಾಗಿ ಹೋಗುವುದು ನಮಗೇನು ಹೊಸದಲ್ಲ ಬಿಡಿ. 1946ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಸಂವಿಧಾನ ಸಭೆ ಕೂತಾಗ ನಾವು ನಿಜಾಮರ ಪ್ರಜೆಗಳು. ನಮ್ಮ ಬಿಡುಗಡೆ 1948ರ ಸೆಪ್ಟೆಂಬರ್ 17ಕ್ಕೆ. ಡಾ. ಅಂಬೇಡ್ಕರರ ಸಮಿತಿ ಆ ವರ್ಷದ ಫೆಬ್ರವರಿಯಲ್ಲೇ ಕರಡು ಒಪ್ಪಿಸಿಯಾಗಿತ್ತು. ಹೈದರಾಬಾದ್ ಸಂಸ್ಥಾನ ಸಂವಿಧಾನವನ್ನು ಒಪ್ಪಿದ್ದು ಹೇಗೆ ಗೊತ್ತಾ? 1949ರ ನವೆಂಬರಿನಲ್ಲಿ, ನಿಜಾಮರ ಫರ್ಮಾನಿನಿಂದ. ಪ್ರಜೆಗಳೇ ದೊರೆಗಳು ಎನ್ನುವ ಪುಸ್ತಕಕ್ಕೆ ದೊರೆಯ ಹುಕುಂ! ನನಗಂತೂ ಇದು ಎಷ್ಟು ಸಲ ನೆನೆದರೂ ನಗು ತರಿಸುತ್ತದೆ.

ಹೆಸರಿನದೂ ಹೀಗೇ ಒಂದು ತಮಾಷೆ. 2019ರಿಂದ ನಾವು ಕಲ್ಯಾಣ ಕರ್ನಾಟಕದವರು. ಬೋರ್ಡುಗಳೆಲ್ಲ ಬದಲಾದವು. ಆದರೆ 371 ಜೆ ತೆರೆದರೆ ಅಲ್ಲಿ ಈಗಲೂ ‘ಹೈದರಾಬಾದ್–ಕರ್ನಾಟಕ’ವೇ. ಮದುವೆಯಾಗಿ ಎಷ್ಟು ವರ್ಷವಾದರೂ ರೇಷನ್ ಕಾರ್ಡಿನಲ್ಲಿ ತವರಿನ ಹೆಸರೇ ಉಳಿದ ಹಾಗೆ.

ಸಂವಿಧಾನದ ಮೂಲ ಪ್ರತಿಯ ಕತೆಯನ್ನೂ ಮಗಳಿಗೆ ಹೇಳಿದೆ. ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಅದನ್ನು ಪೂರ್ತಿ ಕೈಯಲ್ಲೇ ಬರೆದರು. ನಂದಲಾಲ್ ಬೋಸ್ ಮತ್ತು ಶಾಂತಿನಿಕೇತನದ ಶಿಷ್ಯರು ಪುಟಗಳಿಗೆ ಚಿತ್ರ ಹಾಕಿದರು. ಈಗ ಸಂಸತ್ತಿನ ಗ್ರಂಥಾಲಯದಲ್ಲಿ, ಗಾಳಿ ತಾಗದ ಪೆಟ್ಟಿಗೆಯಲ್ಲಿದೆ.

ಅವಳು ಏನೂ ಅನ್ನಲಿಲ್ಲ. ಮನೆಗೆ ಬಂದು ಹಾಳೆಯನ್ನು ಫೈಲಿಗೆ ಸೇರಿಸಿದಳು. ಗ್ಯಾಸ್ ಬುಕ್ಕನ್ನು ಮಾತ್ರ ಅಡುಗೆಮನೆಗೆ ಸಾಗಿಸಿದಳು.